ಮಾವನವರ ನಾಡಿ

ನಮ್ಮ ಮಾವನವರ ಎಡಗೆನ್ನೆ ಯಾವಾಗಲೂ ಕೊಂಚ ಉಬ್ಬಿರುತ್ತಿತ್ತು. ಹುಳುಕು ಹಲ್ಲಿನ ಸಂದಿಗೆ ಲವಂಗ ಸಿಕ್ಕಿಸಿಕೊಂಡೇ ಅವರು ಗಜೇಂದ್ರಗಡದ ಪೇಟೆಯೆಲ್ಲ ಸುತ್ತುತ್ತಿದ್ದರು. ವೈದ್ಯರು, ಆದರೆ ಕೂತಲ್ಲಿ ಕೂತವರಲ್ಲ. ಉಣ್ಣುವಾಗಲೂ ಒಂದು ಕಾಲು ಅಂಗಳದ ಕಡೆಗೇ ಇರುತ್ತಿತ್ತು.

ಕಂಪನಿ ಸರಕಾರದ ಮೇಲೆ ನರಗುಂದ ಬಂಡೇಳುವುದಕ್ಕೆ ಒಂದೆರಡು ವರ್ಷ ಮೊದಲಿನ ಮಾತಿದು. ಒಂದು ಸಂಶಯ ಅವರ ನಿದ್ದೆ ಕೆಡಿಸಿತ್ತು. ವಸಡಿನಲ್ಲಿ ಕೀವು ಇಟ್ಟುಕೊಂಡವರ ನಾಡಿ ಬರಬರುತ್ತ ಬಿಗಿಯಾಗುತ್ತದೆ, ಅಂಥವರೇ ಎದೆ ಹಿಡಿದುಕೊಂಡು ಬೀಳುತ್ತಾರೆ ಎಂದು. ಯಾವಗಲ್‌ನ ಒಬ್ಬ ವ್ಯಾಪಾರಿ ಹಾಗೆ ಬಿದ್ದು ಸತ್ತಾಗ ಮಾವನವರು ಪಡಸಾಲೆಯಲ್ಲಿ ಅಡ್ಡಾಡಿದ್ದೇ ಅಡ್ಡಾಡಿದ್ದು. "ಬಾಯಾಗಿನ ಹೊಲಸು ನೆತ್ತರಾಗ ಇಳಿತೈತೋ ಏನೋ. ಗಟ್ಟಿ ಹಲ್ಲಿನವರೂ ಸಾಯ್ತಾರ. ಖರೇ ಅಂತ ಹ್ಯಾಂಗ ಹೇಳ್ಲಿ?"

ಅವರ ವಸಡಿನಲ್ಲೂ ಕೀವಿತ್ತು. ಹಲ್ಲು ಕೀಳಿಸಲು ಮಾತ್ರ ಒಲ್ಲರು. ಬಜೆಯ ಬೇರನ್ನು ತಾವೇ ಕಚ್ಚಿ ಖಾರ ನೋಡದೆ ಔಷಧಿಗೆ ಹಾಕುವವರಲ್ಲ. ಹಲ್ಲು ಹೋದರೆ ವೈದ್ಯಿಕೆಯೇ ಹೋಯಿತು ಎಂಬ ಹಟ. ನನಗೆ ಸಿಟ್ಟು ಬರುತ್ತಿತ್ತು. ಊರವರ ಬಾಯಿಗೆಲ್ಲ ಜಾಲಿ ತೊಗಟೆಯ ಕಷಾಯ, ತಮ್ಮ ಬಾಯಿಗೆ ಬರೀ ಲವಂಗ!

ತಮ್ಮ ನಾಡಿ ತಾವೇ ಹಿಡಿದರೆ ಮನಸ್ಸು ಮೋಸ ಮಾಡುತ್ತದೆ ಎನ್ನುತ್ತಿದ್ದರು. ಮಗನ, ಎಂದರೆ ನನ್ನ ಗಂಡನ, ಬೆರಳುಗಳು ಔಷಧಿ ಕುಟ್ಟಿ ಜಡ್ಡುಗಟ್ಟಿದ್ದವು. ಹಾಗಾಗಿ ಒಂದು ಬೆಳಿಗ್ಗೆ ನನ್ನ ಮುಂದೆ ಕೈ ಚಾಚಿದರು. ಸೊಸೆ ಮಾವನ ಕೈ ಮುಟ್ಟುವುದೆಂದರೇನು! ಅತ್ತೆ ಒಲೆಯ ಮುಂದಿನಿಂದಲೇ, "ನೋಡಿದವ್ರು ಏನಂದಾರು?" ಎಂದರು.

"ಅನ್ನಲಿ ಬಿಡ. ಇಕಿ ಬೆರಳು ಹಗುರ ಅದಾವು," ಎಂದು ಮಾವನವರು ನನಗೆ ನಾಡಿ ಹಿಡಿಯಲು ಕಲಿಸಿದರು.

ದಿನಾ ಹಿಡಿಯುತ್ತ ಹೋದಂತೆ, ಬಿಳಿಜೋಳ ಬಿತ್ತುವ ಹೊತ್ತಿಗೆ ಬೆರಳಿನ ಕೆಳಗೆ ಏನೋ ಬದಲಾಗಿತ್ತು.

"ಬಿಗಿ ಆಗೇತೇನವಾ?"

ಮತ್ತೊಮ್ಮೆ ಒತ್ತಿ ನೋಡಿದೆ. "ಹೌದ್ರಿ ಮಾವಾರ. ಹುರಿ ಹಗ್ಗದಾಂಗ ಆಗೇತ್ರಿ."

ಅಂದೇ ಕೀವಿನ ಹಲ್ಲುಗಳನ್ನೆಲ್ಲ ಕೀಳಿಸಿಕೊಂಡರು. ಬೇರು ಕಚ್ಚುವ ಕೆಲಸ ನನ್ನ ಪಾಲಿಗೆ ಬಂತು. ನಾನು ಮುಖ ಕಿವುಚಿದಷ್ಟೂ ಅವರಿಗೆ ಖುಷಿ. "ಖಾರ ಐತಿ ಹಂಗಾರ, ಹಾಕು."

ಆದರೂ ಎದೆನೋವು ಬಂದೇ ಬಂತು. ತಡವಾಯಿತೋ, ಸಂಶಯವೇ ತಪ್ಪೋ, ನನಗಿಂದಿಗೂ ತಿಳಿಯದು. ಹಾಸಿಗೆಯ ಪಕ್ಕ ಕೂತು ಅವರ ನಾಡಿ ಹಿಡಿಯಲು ಹೋದರೆ, ಕೈ ಹೊರಳಿಸಿ ನನ್ನ ಮಣಿಕಟ್ಟನ್ನೇ ಹಿಡಿದರು. "ನಿಂದು ಮೆತ್ತಗೈತಿ. ಬಾಯಿ ಮುಕ್ಕಳಿಸೂದು ಬಿಡಬ್ಯಾಡವಾ." ಅದೇ ಕಡೆಯ ಮಾತು.

ಅವರನ್ನು ಮಣ್ಣು ಮಾಡಿ ಬಂದ ದಿನ ಮನೆಯಲ್ಲಿ ಒಲೆ ಹಚ್ಚುವ ಮನಸ್ಸು ಯಾರಿಗೂ ಇರಲಿಲ್ಲ. ನಾನು ಹಚ್ಚಿದೆ. ಜಾಲಿ ತೊಗಟೆ ಕುದಿಸಿ, ಅಳುತ್ತಲೇ ಬಾಯಿ ಮುಕ್ಕಳಿಸಿ, ಅತ್ತೆಗೂ ಒಂದು ಬಟ್ಟಲು ಕೊಟ್ಟೆ. ಅವರು ಇಸಿದುಕೊಂಡು ಮುಕ್ಕಳಿಸಿದರು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು, ನನ್ನ ಮುಂದೆ ಕೈ ಚಾಚಿದರು.