ಚಿಕ್ಕಮ್ಮನ ಕಾಲು, ಕಡಲಪಾಚಿಯ ತಂಬುಳಿ

ಉಡುಪಿಯಿಂದ ಬೆಳಿಗ್ಗೆ ಶೃಂಗೇರಿ ಬಸ್ಸು ಹತ್ತಿದೆ. ಮಡಿಲಲ್ಲಿ ಒಣಗಿಸಿದ ಕಡಲಪಾಚಿಯ ಡಬ್ಬಿ. ಅದರ ಸಾರ ನಮ್ಮ ಲ್ಯಾಬಿನ ಗಾಜಿನ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಕೊಂದಿದೆ ಅಂತ ಜಯಪುರದ ಚಿಕ್ಕಮ್ಮನಿಗೆ ಫೋನಿನಲ್ಲಿ ಜಂಬ ಕೊಚ್ಚಿಕೊಂಡಿದ್ದೆ. ಆಮೇಲೆ ಚಿಕ್ಕಪ್ಪನ ಫೋನು ಬಂತು. ಉಂಬಳ ಎಂಬ ಜಿಗಣೆ ಕಚ್ಚಿದ್ದನ್ನು ಕೆರೆದು ಚಿಕ್ಕಮ್ಮನ ಪಾದ ಹುಣ್ಣಾಗಿದೆ, ಮೈಯಲ್ಲಿ ಸಕ್ಕರೆ ಕಾಯಿಲೆ ಬೇರೆ, ಆಸ್ಪತ್ರೆಗೆ ಮಾತ್ರ ಬರುವುದಿಲ್ಲವಂತೆ. "ಕೂಸಿನ ಪಾಚಿ ಬರ್ಲಿ ಅಂತ ಕೂತಿದಾಳೆ" ಎಂದರು. ಕೂಸು ಅಂದರೆ ನಾನು. ಪಾಚಿಯ ಆಸೆ ತೋರಿಸಿಯಾದರೂ ಅವಳನ್ನು ಆಸ್ಪತ್ರೆಗೆ ಹೊರಡಿಸೋಣ ಅಂತ ಡಬ್ಬಿ ತುಂಬಿಕೊಂಡಿದ್ದೆ.

ಆಗುಂಬೆ ಘಾಟಿಯಲ್ಲಿ ಮಂಜು. ಕಂಡಕ್ಟರ್ ಮೂಗು ಮುಚ್ಚಿಕೊಂಡು, "ಒಣಮೀನಾ ಮೇಡಂ?" ಎಂದ. ಪಾಚಿ ಎಂದೆ. "ಊರಲ್ಲಿ ಅಂಗಳ ತುಂಬಾ ಪಾಚಿ. ಕೆಳಗಿಂದ ಬೇರೆ ತರ್ತೀರಾ!" ಎಂದು ನಕ್ಕ. ಶೃಂಗೇರಿಯಲ್ಲಿ ಎರಡು ಬನ್ಸು ತಿಂದು ಜಯಪುರದ ಬಸ್ಸು ಹಿಡಿದೆ.

ಚಿಕ್ಕಮ್ಮ ಟೈಲರ್. ಮಷಿನ್ ತುಳಿಯುವ ಬಲಗಾಲೇ ಕೆಂಪಗೆ ಊದಿತ್ತು. "ಬಂದ್ಯಾ ಮಾರಾಯ್ತಿ!" ಎಂದು ಡಬ್ಬಿ ಕಸಿದುಕೊಂಡಳು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಊಟ ರೆಡಿ. ನಮ್ಮ ಮಲೆನಾಡಿನವರ ಕೈಗೆ ಸಿಕ್ಕಿದ ಸೊಪ್ಪು ತಂಬುಳಿಯಾಗದೆ ಉಳಿಯುವುದುಂಟೆ? ಪಾಚಿಯನ್ನು ನೆನೆಸಿ, ಕಾಯಿ, ಜೀರಿಗೆ ಹಾಕಿ ಅರೆದು, ಮಜ್ಜಿಗೆ ಬೆರೆಸಿ ಒಗ್ಗರಣೆ ಕೊಟ್ಟಿದ್ದಳು. "ಉಪ್ಪೇ ಹಾಕ್ಲಿಲ್ಲ ಕಣೇ, ಅದ್ರಲ್ಲೇ ಇತ್ತು." ಹುಣ್ಣಿಗೆ ಹಚ್ಚಲು ಬರೀ ಪಾಚಿ ಅರೆದು ಬಟ್ಟಲಲ್ಲಿ ಬೇರೆ ಎತ್ತಿಟ್ಟಿದ್ದಳು.

ನನಗೆ ರೇಗಿಹೋಯಿತು. "ಇದು ಔಷಧಿ ಅಲ್ಲ ಚಿಕ್ಕಮ್ಮ! ತಟ್ಟೇಲಿ ಸತ್ತದ್ದು ಕಾಲಲ್ಲಿ ಸಾಯ್ತದೆ ಅಂತ ಯಾರು ಹೇಳಿದ್ದು? ಔಷಧಿ ಆಗ್ಲಿಕ್ಕೆ ಇನ್ನೂ ಎಷ್ಟು ವರ್ಷ ಬೇಕೋ! ಅಷ್ಟರಲ್ಲಿ ನಿನ್ನ ಕಾಲು..." ಎನ್ನುವಾಗ ಅಳುವೇ ಬಂತು. ಅವಳೆಂದರೆ ನನಗೆ ಅಷ್ಟು ಪ್ರಾಣ.

ಚಿಕ್ಕಮ್ಮ ಬಟ್ಟಲನ್ನು ಅತ್ತ ಸರಿಸಿ, ಸೆರಗಿನಿಂದ ನನ್ನ ಮುಖ ಒರೆಸಿದಳು. "ನಿನ್ನ ಔಷಧಿ ಬರೋವರೆಗೆ ನಾನು ಇರ್ಬೇಕಲ್ಲ. ಏಳು, ಕೊಪ್ಪದ ಬಸ್ಸು ಬರೋ ಹೊತ್ತಾಯ್ತು."

ಕೊಪ್ಪದ ಆಸ್ಪತ್ರೆಯಲ್ಲಿ ಡಾಕ್ಟರು ಹುಣ್ಣು ತೊಳೆದು ಇಂಜೆಕ್ಷನ್ ಕೊಟ್ಟರು. "ಇನ್ನೂ ತಡ ಮಾಡಿದ್ರೆ ಬೆರಳು ತೆಗೀಬೇಕಾಗ್ತಿತ್ತು" ಎಂದು ಗದರಿದರು. ಹುಣ್ಣು ಒಣಗುವವರೆಗೆ ನಾನು ಜಯಪುರದಲ್ಲೇ ಉಳಿದೆ.

ಹೊರಟ ದಿನ ಬಸ್ಸು ಅವಳ ಹೊಲಿಗೆ ಅಂಗಡಿ ಮುಂದೆ ನಿಧಾನವಾಯಿತು. ಬಾಗಿಲಲ್ಲಿ ನಿಂತಿದ್ದ ಚಿಕ್ಕಮ್ಮ ಚೌಕಟ್ಟು ಹಿಡಿದುಕೊಂಡು, ಸೀರೆ ತುಸು ಎತ್ತಿ, ಬಲಗಾಲು ಮುಂದೆ ಚಾಚಿದಳು. ಐದೂ ಬೆರಳನ್ನು ಅಲ್ಲಾಡಿಸಿ ತೋರಿಸಿದಳು.