ಹೂಲಿಯಲ್ಲಿ ಮುಳ್ಳು ಏರಿದ ಮಧ್ಯಾಹ್ನ

ವಿಚಿತ್ರ ಅನುಭವಗಳ ಬಗ್ಗೆ ಯಾರಾದರೂ ಬರೆದದ್ದು ಕಣ್ಣಿಗೆ ಬಿದ್ದರೆ ನಾನು ಪುಟ ತಿರುಗಿಸುತ್ತಿದ್ದೆ. ಬರೆದವರು ಸುಳ್ಳು ಹೇಳುತ್ತಾರೆ ಎಂದೇನೂ ಅಲ್ಲ, ಅವರು ಸರಿಯಾಗಿ ನೋಡಿರುವುದಿಲ್ಲ ಎಂಬುದು ನನ್ನ ತೀರ್ಮಾನವಾಗಿತ್ತು. ಕತ್ತಲೆ, ಒಂಟಿತನ, ಅರೆನಿದ್ದೆ, ಇವುಗಳಲ್ಲಿ ಒಂದಾದರೂ ಆ ಕಥೆಗಳಲ್ಲಿ ಇದ್ದೇ ಇರುತ್ತಿತ್ತು. ನನಗೆ ಆದದ್ದು ಉರಿಬಿಸಿಲಿನ ಮಧ್ಯಾಹ್ನ, ಊಟ ಮುಗಿದ ಮೇಲೆ, ಬೇರೆ ಮೂವರ ಎದುರಿಗೆ. ಕೈಯಲ್ಲಿ ಅಳೆಯುವ ಸಾಧನವೂ ಇತ್ತು. ಬೇರೆಯವರನ್ನು ತಳ್ಳಿಹಾಕಿದಷ್ಟು ಸುಲಭವಾಗಿ ನನ್ನನ್ನು ನಾನು ತಳ್ಳಿಹಾಕಲು ಇದುವರೆಗೆ ಆಗಿಲ್ಲ.

ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ವಿದ್ಯುತ್ತು ಅಳೆಯುವ ಹಳೆಯ ಮಲ್ಟಿಮೀಟರುಗಳನ್ನು ಕೂಡಿಡುವುದು ನನ್ನ ಹವ್ಯಾಸ. ಅಂಕಿ ತೋರಿಸುವ ಈಗಿನವು ಬೇಡ, ಗಾಜಿನ ಕೆಳಗೆ ಮುಳ್ಳು ಓಡಾಡುವವೇ ಬೇಕು. ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿಗೆ ಹೋದರೂ ಗುಜರಿ ಅಂಗಡಿಗೆ ಒಮ್ಮೆ ಹಣಿಕಿ ಹಾಕುತ್ತೇನೆ. ತಂದದ್ದನ್ನು ಕಪಾಟಿನಲ್ಲಿಟ್ಟು ನೋಡುವುದಿಲ್ಲ, ಬಳಸುತ್ತೇನೆ. ಅಂಕಿಯ ಮೀಟರು ತೀರಾ ಸೂಕ್ಷ್ಮ. ಪಕ್ಕದಲ್ಲಿ ಕರೆಂಟಿನ ವೈರು ಹಾದುಹೋಗಿದ್ದರೆ ಸಾಕು, ಎಲ್ಲಿಗೂ ಜೋಡಿಸದ ತಂತಿಯಲ್ಲೂ ಒಂದಿಷ್ಟು ವೋಲ್ಟ್ ತೋರಿಸಿಬಿಡುತ್ತದೆ. ಮುಳ್ಳಿನ ಮೀಟರು ಹಾಗೆ ಮೋಸಹೋಗುವುದಿಲ್ಲ. ವೋಲ್ಟೇಜ್ ಅಳೆಯುವಾಗ ಅದರೊಳಗಿನ ಬ್ಯಾಟರಿಗೆ ಕೆಲಸವಿಲ್ಲ. ಮುಳ್ಳನ್ನು ತಳ್ಳುವ ಶಕ್ತಿ ಮುಟ್ಟಿಸಿದ ತಂತಿಯಿಂದಲೇ ಬರಬೇಕು. ಒಳ್ಳೆಯ ಮೀಟರುಗಳಲ್ಲಿ ಅಂಕಿಗಳ ಕೆಳಗೆ ಕನ್ನಡಿಯ ಸಣ್ಣ ಪಟ್ಟಿ ಇರುತ್ತದೆ. ಒಂದು ಕಣ್ಣು ಮುಚ್ಚಿ, ಮುಳ್ಳು ತನ್ನ ಪ್ರತಿಬಿಂಬವನ್ನು ಪೂರ್ತಿ ಮರೆಮಾಡುವ ಹಾಗೆ ನೋಡಿ ಓದಬೇಕು. ಓರೆಯಾಗಿ ನೋಡಿದರೆ ತಪ್ಪು ಓದುತ್ತೀರಿ. ಮನುಷ್ಯರ ಮಾತಿನ ಮೇಲೆ ನನಗಿಲ್ಲದ ಭರವಸೆ ಈ ಮುಳ್ಳುಗಳ ಮೇಲೆ ಇತ್ತು.

ಅವ್ವನ ತಂಗಿ, ನಮ್ಮ ಚಿಗವ್ವ ನೀಲವ್ವನನ್ನು ಹೂಲಿಗೆ ಕೊಟ್ಟಿದ್ದರು. ಅವಳ ಮನೆಯ ಹಿತ್ತಲಲ್ಲಿ, ತಗಡಿನ ಚಪ್ಪರದ ಕಬ್ಬಿಣದ ಕಂಬದಿಂದ ಬೇವಿನ ಮರದವರೆಗೆ ಬಟ್ಟೆ ಒಣಹಾಕುವ ತಂತಿ ಕಟ್ಟಿತ್ತು. ಅದೇ ಚಪ್ಪರದ ತಗಡಿನ ಮೇಲಿಂದ ಚಿಗವ್ವನ ಗಂಡ, ನಾವು ಕಾಕಾ ಎನ್ನುವವರು, ಹೊಲದ ಪಂಪಿನ ಲೈನಿನಿಂದ ವೈರು ಎಳೆದುಕೊಂಡು ಮೇವು ಕತ್ತರಿಸುವ ಮಷೀನು ನಡೆಸುತ್ತಿದ್ದರು. "ತಂತಿ ಮುಟ್ಟಿದ್ರ ಜುಮ್ ಅಂತೈತಿ" ಎಂದು ಚಿಗವ್ವ ಎಷ್ಟೋ ಸಲ ಹೇಳಿದ್ದಳು. "ನಿನಗ ಬರೇ ಭ್ರಾಂತಿ" ಎಂದು ಮನೆಯವರು ನಕ್ಕಿದ್ದರು. ಒಂದು ಬೆಳಿಗ್ಗೆ, ಒದ್ದೆ ಸೀರೆ ಹಿಂಡಿ ಹಾಕುತ್ತಿದ್ದವಳು ಆ ತಂತಿಯ ಕೆಳಗೇ ಸತ್ತು ಬಿದ್ದಿದ್ದಳು.

ನಾವು ಹೋಗಿ ಮುಟ್ಟುವಷ್ಟರಲ್ಲಿ ಚಪ್ಪರದ ಮೇಲಿನ ವೈರು ಇರಲಿಲ್ಲ. ಗೋಡೆಯಲ್ಲಿ ಅದರ ಕ್ಲಿಪ್ಪುಗಳನ್ನು ಕಿತ್ತ ತೂತುಗಳಿದ್ದವು. ಹಾರ್ಟ್ ಅಟ್ಯಾಕ್ ಎಂದರು. ದೂರು, ತಪಾಸಣೆ ಯಾವುದೂ ಆಗಲಿಲ್ಲ. ತಂಗಿಯ ಮೈ ತೊಳೆದ ಅವ್ವ, ಅಂಗೈಯಲ್ಲಿ ಅಡ್ಡಕ್ಕೆ ಒಂದು ಕಪ್ಪು ಗೆರೆ ಇದೆ ಎಂದು ಎಲ್ಲರ ಎದುರೇ ಹೇಳಿದಳು. ಕಾಕಾನ ತಾಯಿ, ಆಯಿ, "ಒಲಿ ಮಸಿ ಅದು. ಅಡಗಿ ಮಾಡಾಕಿ ಕೈ ಮತ್ತ ಹೆಂಗಿರ್ತಾವ?" ಎಂದಳು. ತೊಳೆದರೂ ಹೋಗದ ಮಸಿ. ಅಲ್ಲಿ ನೆರೆದವರೆಲ್ಲ ಆಯಿಯ ಮಾತನ್ನೇ ಒಪ್ಪಿಕೊಂಡರು. ಒಪ್ಪಿಕೊಂಡರೆ ಎಲ್ಲರಿಗೂ ಅನುಕೂಲವಿತ್ತು. ಅಂದಿನಿಂದ ಅವ್ವ ಆ ಮನೆಯ ನೀರು ಕುಡಿದಿಲ್ಲ.

ಚಿಗವ್ವನಿಗೆ ಒಬ್ಬಳೇ ಮಗಳು, ಶಿವಲೀಲಾ. ಧಾರವಾಡದ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದವಳು. ತಾಯಿ ಸಾಯುವ ಕೆಲವು ದಿನ ಮೊದಲು ಅವಳು ಮನೆಯವರು ತಂದ ಒಂದು ಸಂಬಂಧವನ್ನು ಒಲ್ಲೆ ಎಂದಿದ್ದಳು. ಮಣ್ಣು ಮಾಡಿ ಬಂದ ದಿನವೇ ಆಯಿ ಅವಳಿಗೆ, "ನಿನ್ನ ಚಿಂತ್ಯಾಗ ನಿಮ್ಮವ್ವನ ಎದಿ ಒಡೀತು" ಎಂದಳು. ವರ್ಷವಿಡೀ ಅದೇ ಮಾತು ಕೇಳಿ ಹುಡುಗಿ ಅದನ್ನು ನಂಬಿದಳು. ವರ್ಷದ ಕಾರ್ಯ ಮುಗಿದ ಸಂಜೆಯೇ ಅದೇ ಹುಡುಗನ ಕಡೆಯವರು ಬಂದು ಮಾತು ಗಟ್ಟಿ ಮಾಡುವುದೆಂದು ನಿಶ್ಚಯವಾಯಿತು. ಫೋನಿನಲ್ಲಿ ನಾನು ಎಷ್ಟು ಹೇಳಿದರೂ ಅವಳದು ಒಂದೇ ಮಾತು: "ಅವ್ವನ್ನಂತೂ ನಾನ ಕೊಂದೆ ಅಂದಂಗಾತು ಅಕ್ಕಾ. ಆಕಿ ಸಲುವಾಗಿ ಇಷ್ಟರೇ ಮಾಡ್ತೇನಿ."

ಆ ಕಾರ್ಯಕ್ಕೆ ಅವ್ವನ ಬದಲು ನಾನು ಹೋದೆ. ದಾರಿಯಲ್ಲಿ ಸವದತ್ತಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಪರಿಚಯದ ಗುಜರಿ ಅಂಗಡಿಯವನು ದೂರದಿಂದಲೇ ಕರೆದ.

"ಬರ್ರಿ ಮೇಡಂ, ನಿಮ್ಮ ಸಲುವಾಗೇ ತಗದಿಟ್ಟೇನಿ. ಮಂದಿ ಬಂಗಾರ ಹುಡುಕ್ತಾರ, ನೀವು ಮುಳ್ಳು ಹುಡುಕ್ತೀರಿ."

ಕಪ್ಪು ಬೇಕಲೈಟಿನ ಪೆಟ್ಟಿಗೆ, ಗಾಜಿನ ಒಂದು ಮೂಲೆಯಲ್ಲಿ ಸೀಳು, ಕನ್ನಡಿ ಪಟ್ಟಿ ಮಾತ್ರ ಸ್ವಚ್ಛ. ಅಂಗಡಿಯ ಪ್ಲಗ್ಗಿನಲ್ಲಿ ಹಚ್ಚಿ ನೋಡಿದೆ. ಮುಳ್ಳು ಇನ್ನೂರಿಪ್ಪತ್ತು ದಾಟಿ ನಿಂತಿತು. ಕೊಂಡು ಚೀಲದಲ್ಲಿಟ್ಟುಕೊಂಡೆ.

ಹೂಲಿಯಲ್ಲಿ ಬೆಳಿಗ್ಗೆಯಿಂದ ಕರೆಂಟಿರಲಿಲ್ಲ. ಎಲ್ಲಿಯೋ ಕಂಬ ಬದಲಿಸುತ್ತಿದ್ದರಂತೆ. ಹೊಲದಲ್ಲಿ ಚಿಗವ್ವನನ್ನು ಮಣ್ಣು ಮಾಡಿದ ಗದ್ದುಗೆಯ ಪೂಜೆ ಮುಗಿಸಿ, ಊಟ ಮಾಡಿ, ಬಂದ ಜನ ಹೋದರು. ಕೈ ತೊಳೆಯಲು ಹಿತ್ತಲಿಗೆ ಹೋದಾಗ ನಾನು ಅದನ್ನು ನೋಡಿದೆ. ಒಗೆದ ಬಟ್ಟೆಗಳು ಕಲ್ಲಿನ ಗೋಡೆಯ ಮೇಲೆ, ಬೇಲಿಯ ಮೇಲೆ, ದನಗಳಿಗೆ ಮೇವು ಹಾಕುವ ಗ್ವಾದಲಿಯ ಅಂಚಿನ ಮೇಲೆ ಹರಡಿದ್ದವು. ತಂತಿ ಖಾಲಿ ಇತ್ತು. ಶಿವಲೀಲಾ ಪಾತ್ರೆ ತಿಕ್ಕುತ್ತಿದ್ದಳು.

"ತಂತಿ ಮ್ಯಾಲೆ ಯಾಕ ಹಾಕಿಲ್ಲ?"

"ಅವ್ವ ಹೋದಾಗಿಂದ ಯಾರೂ ಹಾಕೂದಿಲ್ಲ."

"ಯಾಕಂತ?"

"ಯಾಕಂತ ಯಾರೂ ಕೇಳೂದಿಲ್ಲ."

ತಿಕ್ಕಿದ ಪಾತ್ರೆಯನ್ನು ಬೋರಲು ಹಾಕಿ, "ನಿನ್ನ ಮೀಟರ್ ಹಚ್ಚಿ ನೋಡ ಅಕ್ಕಾ" ಎಂದಳು.

"ಊರಾಗ ಕರೆಂಟ ಇಲ್ಲ. ಏನ್ ತೋರಸ್ತೈತಿ ಅದು?"

"ಏನೂ ತೋರ್ಸೂದಿಲ್ಲ. ಅದನ್ನರ ನೋಡ್ತೇನಿ."

ಅವಳ ಸಮಾಧಾನಕ್ಕಾಗಿ ಮೀಟರು ತೆಗೆದೆ. ಕಟ್ಟೆಯ ಮೇಲಿಟ್ಟು, ಗುಂಡಿಯನ್ನು ಎಸಿ ವೋಲ್ಟಿನ ದೊಡ್ಡ ಅಳತೆಗೆ ತಿರುಗಿಸಿದೆ. ಕಪ್ಪು ಕಡ್ಡಿಯನ್ನು ನೆಲದೊಳಗೆ ಇಳಿದಿದ್ದ ಬೋರ್‌ವೆಲ್ಲಿನ ಕಬ್ಬಿಣದ ಪೈಪಿಗೆ, ಕೆಂಪು ಕಡ್ಡಿಯನ್ನು ತಂತಿಗೆ ಕ್ಲಿಪ್ಪಿನಿಂದ ಸಿಕ್ಕಿಸಿದೆ. ಮುಳ್ಳು ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಏರಿತು. ಹಾರಲಿಲ್ಲ, ನಡುಗಲಿಲ್ಲ, ನಿಧಾನವಾಗಿ ಏರಿ, ಸವದತ್ತಿಯ ಅಂಗಡಿಯಲ್ಲಿ ನಿಂತ ಜಾಗದಲ್ಲಿಯೇ ನಿಂತಿತು.

ಒಂದು ಕಣ್ಣು ಮುಚ್ಚಿ ಕನ್ನಡಿಯಲ್ಲಿ ನೋಡಿದೆ. ಸರಿಯಾಗಿಯೇ ಓದಿದ್ದೆ. ಕ್ಲಿಪ್ಪು ತೆಗೆದರೆ ಮುಳ್ಳು ಬೀಳುತ್ತಿತ್ತು, ಹಚ್ಚಿದರೆ ಏರುತ್ತಿತ್ತು. ಒಳಗೆ ಹೋಗಿ ಮೇನ್ ಬೋರ್ಡಿನ ಫ್ಯೂಜುಗಳನ್ನು ಕಿತ್ತು ತಂದು ಕಟ್ಟೆಯ ಮೇಲಿಟ್ಟೆ. ಚಪ್ಪರವನ್ನೂ ಮರವನ್ನೂ ಸುತ್ತಿ ನೋಡಿದೆ. ಬೇರೆ ಯಾವ ವೈರೂ ಇರಲಿಲ್ಲ. ಮತ್ತೆ ಹಚ್ಚಿದೆ. ಮುಳ್ಳು ಮತ್ತೆ ಏರಿತು.

ನಾನು ಫ್ಯೂಜು ಕಿತ್ತದ್ದನ್ನು ನೋಡಿ ಕಾಕಾ ಹಿಂದೆಯೇ ಬಂದಿದ್ದರು. ಅವರ ಹಿಂದೆ ಆಯಿ.

"ಸಾಲಿ ಕಲತ ಹುಡುಗ್ಯಾರು. ಸತ್ತ ಮನ್ಯಾಗ ಆಟಾ ಆಡಾಕತ್ತಾರ" ಎಂದಳು ಆಯಿ.

ನಾನು ಮೀಟರು ತೋರಿಸಿದೆ. ಕಾಕಾ ಅದನ್ನು ಬಹಳ ಹೊತ್ತು ನೋಡಿದರು. "ಗುಜರಿ ಸಾಮಾನ. ಕೆಟ್ಟಿರ್ತೈತಿ."

"ಹಂಗಾದ್ರ ತಂತಿ ಹಿಡೀರಿ ಕಾಕಾ. ಫ್ಯೂಜ್ ಕಿತ್ತೇನಿ, ಊರಿಗೇ ಕರೆಂಟಿಲ್ಲ. ಬಟ್ಟಿ ಹಾಕೋ ತಂತಿ ಅದು."

"ಹಿಡಿಯೋ" ಎಂದಳು ಆಯಿ, ನಗುತ್ತಲೇ. "ಹಿಡದು ತೋರ್ಸಿ ಈಕಿ ಬಾಯಿ ಮುಚ್ಚಸು."

ಕಾಕಾ ಕೈ ಎತ್ತಿದರು. ಅರ್ಧಕ್ಕೆ ಹೋದ ಕೈಯನ್ನು ಇಳಿಸಿ ಧೋತರಕ್ಕೆ ಒರೆಸಿಕೊಂಡರು. ಒರೆಸುವಂಥದ್ದೇನೂ ಆ ಕೈಗೆ ಹತ್ತಿರಲಿಲ್ಲ. ಆಯಿಯ ನಗು ನಿಂತಿತು. ಅವಳು ಮಗನ ಮುಖವನ್ನು ನೋಡಿದಳು, ಆಮೇಲೆ ನೆಲ ನೋಡಿದಳು.

"ಅಪ್ಪಾ," ಶಿವಲೀಲಾ ಎದ್ದು ನಿಂತು ಕೇಳಿದಳು, "ಅವ್ವ ನನ್ನ ಚಿಂತ್ಯಾಗ ಸತ್ತಿದ್ರ, ನೀ ತಂತಿಗೆ ಯಾಕ ಅಂಜ್ತಿ?"

ಕಾಕಾ ಬಾಗಿಲ ಕಡೆ ತಿರುಗಿದರು. ನಾನು ಬೇಡ ಎನ್ನುವಷ್ಟರಲ್ಲಿ ಅವಳು ಮುಂದೆ ಹೋಗಿ ಎರಡೂ ಒದ್ದೆ ಕೈಗಳಿಂದ ತಂತಿ ಹಿಡಿದಳು.

ಅವಳಿಗೆ ಏನೂ ಆಗಲಿಲ್ಲ. ಕ್ಲಿಪ್ಪುಗಳು ಹಚ್ಚಿದಲ್ಲಿಯೇ ಇದ್ದವು, ಆದರೆ ಮುಳ್ಳು ಇಳಿಯತೊಡಗಿತು. ಏರಿದಷ್ಟೇ ನಿಧಾನವಾಗಿ ಇಳಿದು ಸೊನ್ನೆಗೆ ಬಂದು ನಿಂತಿತು. ಅವಳು ಕೈ ಬಿಟ್ಟ ಮೇಲೂ ಏಳಲಿಲ್ಲ. ನಾನು ಎಷ್ಟು ಸಲ ಕಿತ್ತು ಹಚ್ಚಿದರೂ ಏಳಲಿಲ್ಲ. ಕಾಕಾ ಆಗಲೇ ಒಳಗೆ ಹೋಗಿದ್ದರು.

ಸಂಜೆ ಗಂಡಿನವರು ಬಂದಾಗ ಶಿವಲೀಲಾ ಹೊಸ್ತಿಲಲ್ಲಿ ನಿಂತು, "ನನಗ ಒಪ್ಪಿಗಿ ಇಲ್ರಿ. ನಿಮ್ಮನ್ನ ಸುಮ್ನ ಕರಸ್ಯಾರ" ಎಂದಷ್ಟೇ ಹೇಳಿ, ಬಟ್ಟೆಯ ಚೀಲ ಹಿಡಿದು ನನ್ನ ಜೊತೆ ಬಸ್ಸು ಹತ್ತಿದಳು. ಈಗ ನಮ್ಮಲ್ಲಿಯೇ ಇದ್ದು ಬಿ.ಎಡ್. ಮಾಡುತ್ತಿದ್ದಾಳೆ. ನನ್ನ ಸಹವಾಸದಿಂದ ಮಗಳು ಕೆಟ್ಟಳು ಎಂದು ಕಾಕಾ ಊರಲ್ಲಿ ಹೇಳಿಕೊಂಡು ತಿರುಗುತ್ತಾರೆ, ಜನ ನಂಬುತ್ತಾರೆ. ಚಿಗವ್ವ ಇಂದಿಗೂ ಹಾರ್ಟ್ ಅಟ್ಯಾಕಿನಿಂದಲೇ ಸತ್ತವಳು.

ಆ ಮೀಟರನ್ನು ಕಾಲೇಜಿನ ಲ್ಯಾಬಿನಲ್ಲಿ ಬೇರೆ ಮೀಟರುಗಳ ಪಕ್ಕದಲ್ಲಿಟ್ಟು ಪರೀಕ್ಷಿಸಿದೆ. ಒಂದು ತಪ್ಪೂ ಇರಲಿಲ್ಲ. ತಂತಿಯಲ್ಲಿ ಹೇಗೋ ವಿದ್ಯುತ್ತು ಉಳಿದುಕೊಂಡಿತ್ತು ಎನ್ನೋಣವೆಂದರೆ, ಅಂಥದ್ದನ್ನು ಈ ಮೀಟರೇ ಕಣ್ಣು ಮಿಟುಕಿಸುವುದರೊಳಗೆ ಹೀರಿ ಮುಗಿಸುತ್ತಿತ್ತು. ಸುತ್ತಲಿನ ಮನೆಗಳಲ್ಲಿ ಇನ್ವರ್ಟರ್ ಇತ್ತೇ, ಜನರೇಟರ್ ನಡೆದಿತ್ತೇ ಎಂದೂ ವಿಚಾರಿಸಿದೆ. ಇರಲಿಲ್ಲ. ಒಂದು ವೇಳೆ ತಂತಿಯಲ್ಲಿ ಅಷ್ಟು ವೋಲ್ಟ್ ನಿಜವಾಗಿಯೂ ಇದ್ದಿದ್ದರೆ ಶಿವಲೀಲಾ ಇವತ್ತು ಇರುತ್ತಿರಲಿಲ್ಲ. ಇರದಿದ್ದರೆ ಮುಳ್ಳು ಏರುತ್ತಿರಲಿಲ್ಲ. ಇದಕ್ಕಿಂತ ಮುಂದೆ ನನ್ನ ವಿದ್ಯೆ ಹೋಗುವುದಿಲ್ಲ. ಕೆಲವರು ಬೇರೆ ವಿವರಣೆ ಕೊಡುತ್ತಾರೆ. ಅದನ್ನು ನಾನು ಒಪ್ಪಿಲ್ಲ, ಬೇರೊಂದನ್ನು ಕೊಡಲೂ ಆಗಿಲ್ಲ.

ಹೋದ ತಿಂಗಳು ಹೂಲಿಯಿಂದ ನೆಂಟರೊಬ್ಬರು ಬಂದಿದ್ದರು. ತಂತಿ ಇನ್ನೂ ಹಾಗೆಯೇ ಇದೆಯಂತೆ, ತುಕ್ಕು ಹಿಡಿದಿದೆಯಂತೆ, ಬಟ್ಟೆಗಳು ಈಗಲೂ ಕಲ್ಲಿನ ಗೋಡೆಯ ಮೇಲೆಯೇ ಒಣಗುತ್ತವಂತೆ.

"ಬ್ಯಾಡಾಗಿದ್ರ ಆ ತಂತಿ ಬಿಚ್ಚಿ ಚೆಲ್ಲಬಾರದ?" ಎಂದಳು ಅವ್ವ.

ಶಿವಲೀಲಾ ರೊಟ್ಟಿ ಬಡಿಯುತ್ತಿದ್ದಳು. ತಲೆ ಎತ್ತಲಿಲ್ಲ.

"ಬಿಚ್ಚಬೇಕಂದ್ರ ಮುಟ್ಟಬೇಕಲ್ಲ ದೊಡ್ಡವ್ವಾ."