ಉಳಿದರ್ಧ ಹೇಳಿದವರು ಯಾರು?

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬಿದವನಲ್ಲ. ಚರ್ಚಿನಲ್ಲಿ ಯಾರಾದರೂ ಎದ್ದು ನಿಂತು, ತಮಗೆ ದನಿ ಕೇಳಿಸಿತು, ಬೆಳಕು ಕಂಡಿತು ಎಂದು ಸಾಕ್ಷಿ ಹೇಳಿದರೆ, ಪಾಪ, ನಿದ್ದೆಗೆಟ್ಟಿರಬೇಕು ಎಂದುಕೊಂಡು ಸುಮ್ಮನಿರುತ್ತಿದ್ದೆ. ಮುಂಡಗೋಡದ ಒಂದು ಗ್ಯಾರೇಜಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುವುದು ನನ್ನ ಕೆಲಸ. ಎಂಜಿನ್ ಸದ್ದು ಮಾಡಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ, ಹುಡುಕಿದರೆ ಸಿಗುತ್ತದೆ. ಈಗ ಹೇಳಹೊರಟ ಸಂಗತಿಗೆ ಮಾತ್ರ ಇಷ್ಟು ವರ್ಷ ಹುಡುಕಿಯೂ ಕಾರಣ ಸಿಕ್ಕಿಲ್ಲ. ನೀವು ನಂಬದಿದ್ದರೆ ನನಗೆ ಬೇಸರವೂ ಇಲ್ಲ.

ನಾವು ಮಳಗಿ ಕಡೆಯ ಸಿದ್ದಿಗಳು, ಅಜ್ಜನ ಕಾಲದಿಂದ ಕ್ರೈಸ್ತರು. ನನ್ನ ಹೆಂಡತಿ ಫಿಲೋಮಿನಾ ಹೊಟ್ಟೆಯ ಗಡ್ಡೆಯಿಂದ ತೀರಿಕೊಂಡಳು. ಹುಬ್ಬಳ್ಳಿಯ ಆಸ್ಪತ್ರೆಗೆ ಬಸ್ಸಿನಲ್ಲಿ ಓಡಾಡಿ ಎಷ್ಟು ಸೊರಗಿದ್ದಳೆಂದರೆ, ನನ್ನ ಹೆಗಲಿಗೆ ಒರಗಿ ಮಲಗಿದರೂ ಭಾರ ಗೊತ್ತಾಗುತ್ತಿರಲಿಲ್ಲ. ಮಗಳು ಅನಿತಾ ಆಗಿನ್ನೂ ಮಾತು ಕಲಿಯುತ್ತಿದ್ದಳು. ಅವಳನ್ನು ನೋಡಿಕೊಳ್ಳಲು ಫಿಲೋಮಿನಾಳ ತಾಯಿ, ನನ್ನ ಅತ್ತೆ, ಪಾಳಾದಿಂದ ಬಂದು ನಮ್ಮ ಮನೆಯಲ್ಲೇ ಉಳಿದರು.

ಹೆಂಡತಿಯನ್ನು ಮಣ್ಣು ಮಾಡಿ ಬಂದ ದಿನದಿಂದ ನಾನು ಪ್ರಾರ್ಥನೆ ಬಿಟ್ಟೆ. ದೇವರ ಮೇಲೆ ಸಿಟ್ಟು ಎಂದರೆ ಅದೂ ಸರಿಯಲ್ಲ. ಸಿಟ್ಟು ಬರಲಿಕ್ಕೂ ಒಳಗೆ ಏನಾದರೂ ಉಳಿದಿರಬೇಕಲ್ಲ. ಒಂದು ಹನಿ ಕಣ್ಣೀರೂ ಬರಲಿಲ್ಲ. ಮಗು ಹತ್ತಿರ ಬಂದು ಮೊಣಕಾಲು ಹಿಡಿದರೆ ಎತ್ತಿಕೊಳ್ಳಲು ಕೈ ಏಳುತ್ತಿರಲಿಲ್ಲ. ಗ್ಯಾರೇಜಿಗೆ ಹೋಗುತ್ತಿದ್ದೆ, ಬರುತ್ತಿದ್ದೆ, ತಟ್ಟೆಯಲ್ಲಿ ಹಾಕಿದ್ದನ್ನು ತಿನ್ನುತ್ತಿದ್ದೆ.

ಸಂಜೆ ದೀಪ ಹಚ್ಚಿದ ಮೇಲೆ ಅತ್ತೆ ಜಪಸರ ಹಿಡಿದು ಕೂರುತ್ತಿದ್ದರು. ಈ ಪ್ರಾರ್ಥನೆಯಲ್ಲಿ ಒಬ್ಬರು ಮೊದಲರ್ಧ ಹೇಳಬೇಕು, ಕೂಡಿದವರು ಉಳಿದರ್ಧ ಹೇಳಿ ಮುಗಿಸಬೇಕು. ಉತ್ತರ ಹೇಳುವವರು ಇಲ್ಲದ್ದರಿಂದ ಎರಡನ್ನೂ ಅವರೇ ಹೇಳಿಕೊಳ್ಳುತ್ತಿದ್ದರು. ನಾನು ಹೊರಗೆ ಕಟ್ಟೆಯ ಮೇಲೆ ಕೂತಿರುತ್ತಿದ್ದೆ.

ಭತ್ತದ ಕೊಯ್ಲು ಮುಗಿದ ಮೇಲೆ ಒಂದು ದಿನ ಅತ್ತೆ ಹೇಳಿದರು: "ತಮ್ಮಾ, ನಾಳೆ ನಾ ಊರಿಗೆ ಹೊಂಡ್ತೇನಿ. ಕೂಸಿನ್ನೂ ಕರಕೊಂಡು ಹೋಗ್ತೇನಿ. ನಿನ್ನ ಮಾರಿ ನೋಡಿದ್ರ ಅದು ಅಂಜತೈತಿ."

"ಕರಕೊಂಡು ಹೋಗ್ರಿ," ಎಂದೆ. ನಾನು ಬೇಡವೆನ್ನಲಿ ಎಂದು ಕಾದಿದ್ದರೋ ಏನೋ, ಅವರ ಮುಖ ಸಣ್ಣದಾಯಿತು. ಮಗುವಿನ ಬಟ್ಟೆಗಳನ್ನು ಮಡಚಿ ಚೀಲಕ್ಕೆ ತುಂಬಿದರು.

ಆ ಸಂಜೆಯೂ ಎಂದಿನಂತೆ ಹೊರಗೆ ಕೂತಿದ್ದೆ. ಸಂತೆಗೆ ಹೋದ ಪಕ್ಕದ ಮನೆಯವರು ಇನ್ನೂ ಬಂದಿರಲಿಲ್ಲ; ಕರೆಂಟು ಹೋಗಿ ಓಣಿಯೆಲ್ಲ ಸುಮ್ಮನಿತ್ತು. ಒಳಗೆ ಪ್ರಾರ್ಥನೆ ನಡೆದಿತ್ತು. ಅತ್ತೆ ಮೊದಲರ್ಧ ಹೇಳುತ್ತಿದ್ದರು, ಇನ್ನೊಂದು ಹೆಣ್ಣು ದನಿ ಉಳಿದರ್ಧ ಹೇಳಿ ಮುಗಿಸುತ್ತಿತ್ತು. ಯಾರೋ ಹಿತ್ತಲಿನಿಂದ ಬಂದು ಕೂತಿರಬೇಕು ಎಂದುಕೊಂಡೆ. ಅದು ಫಿಲೋಮಿನಾಳ ದನಿ ಎಂದು ಹೇಳಿಬಿಟ್ಟರೆ ನಿಮಗೂ ಸುಲಭ, ನನಗೂ ಸುಲಭ. ಆದರೆ ಅಲ್ಲ, ಅವಳ ದನಿ ನನಗೆ ಗೊತ್ತು. ಇದು ಕೆಲಸ ಮುಗಿಸಿ ಬಂದು ಕೂತ ಯಾವುದೋ ಹೆಂಗಸಿನ ಸಾಧಾರಣ ದನಿ. ಕೇಳುತ್ತಾ ಕೇಳುತ್ತಾ ಎದೆಯ ಬಿಗಿ ಸಡಿಲವಾಗತೊಡಗಿತು. ಬಂದವರು ಯಾರೆಂದು ನೋಡೋಣವೆಂದು ಎದ್ದೆ.

ಒಳಗೆ ಅತ್ತೆ ಒಬ್ಬರೇ ಇದ್ದರು. ಮಗು ಅವರ ಪಕ್ಕದಲ್ಲಿ ನಿದ್ದೆ ಹೋಗಿತ್ತು. ಹಿತ್ತಲ ಬಾಗಿಲಿಗೆ ಅಗುಳಿ ಹಾಕಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡೇ, "ಬಾ ತಮ್ಮಾ, ಒಳಗ ಕುಂದ್ರು. ಹೊರಗ ಕುಂತು ಯಾಕ ಹೇಳ್ತಿ?" ಎಂದರು.

"ಏನ್ ಹೇಳಿದ್ನಿ?"

"ಪ್ರಾರ್ಥನಿ. ಇಷ್ಟೊತ್ತು ಉತ್ರ ಕೊಟ್ಟಾಂವ ನೀನ ಅಲ್ಲನು?"

"ನಾ ಬಾಯಿ ತಗದಿಲ್ರಿ ಅತ್ತಿ. ಯಾರೋ ಹೆಣ್ಮಗಳು ಬಂದಾಳ ಅಂತ ನೋಡಾಕ ಬಂದ್ನಿ."

ಅವರು ಕಣ್ಣು ತೆರೆದರು. "ಹೆಣ್ಮಗಳಲ್ಲೋ, ಗಂಡಸಿನ ದನಿ," ಎಂದು ಬಾಗಿಲ ಕಡೆ ನೋಡಿದರು. ಇಬ್ಬರಿಗೂ ಭಯವಾಗಲಿಲ್ಲ, ಯಾಕೆ ಆಗಲಿಲ್ಲವೋ ಅದೂ ತಿಳಿಯದು. ಅವರು ಜಪಸರದ ಮುಂದಿನ ಮಣಿ ಹಿಡಿದು, "ಇನ್ನೂ ಮುಗದಿಲ್ಲ. ಉಳದದ್ದು ನೀ ಹೇಳು," ಎಂದರು. ನಾನು ಮೊಣಕಾಲೂರಿದೆ. ಬೇರೆ ಯಾವ ದನಿಯೂ ಬರಲಿಲ್ಲ. ಎರಡು ಸಲ ಉತ್ತರ ಹೇಳಿದೆನೋ ಇಲ್ಲವೋ, ತಿಂಗಳುಗಳಿಂದ ಬಾರದ ಅಳು ಬಂತು. ಅತ್ತೆ ನಿಲ್ಲಿಸಲಿಲ್ಲ, ನಾನು ಅಳುತ್ತಲೇ ನನ್ನ ಅರ್ಧ ಹೇಳಿದೆ. ಸದ್ದಿಗೆ ಮಗು ಎಚ್ಚರಗೊಂಡು ನನ್ನನ್ನೇ ನೋಡಿತು. ಎತ್ತಿ ಎದೆಗೆ ಒತ್ತಿಕೊಂಡೆ. ಅಂಜಲಿಲ್ಲ, ನನ್ನ ಒದ್ದೆ ಕೆನ್ನೆ ಮುಟ್ಟಿ ನೋಡಿತು.

ಮರುದಿನ ಬೆಳಿಗ್ಗೆ ಅತ್ತೆ ತಾವೇ ಚೀಲ ಬಿಚ್ಚಿ ಮಗುವಿನ ಬಟ್ಟೆಗಳನ್ನು ಗೂಟಕ್ಕೆ ಹಾಕಿದರು. ಮಗು ನನ್ನ ಹತ್ತಿರವೇ ಬೆಳೆಯಿತು.

ಆಮೇಲೆ ಕಷ್ಟಗಳೇನೂ ತಪ್ಪಲಿಲ್ಲ. ತಾಯಿಯಿಲ್ಲದ ಹೆಣ್ಣುಮಗುವನ್ನು ಸಾಕುವುದು ಏನೆಂದು ಸಾಕಿದವರಿಗೇ ಗೊತ್ತು. ಫಿಲೋಮಿನಾಳನ್ನು ಯಾಕೆ ಕರೆದುಕೊಂಡೆ ಎಂದು ದೇವರನ್ನು ಈಗಲೂ ಕೇಳುತ್ತೇನೆ, ಉತ್ತರ ಸಿಕ್ಕಿಲ್ಲ. ಆದರೆ ಕೇಳುವಾಗ ಒಬ್ಬನೇ ಇದ್ದೇನೆ ಅನ್ನಿಸುವುದಿಲ್ಲ. ಇದಕ್ಕೆ ಶಾಂತಿ ಎನ್ನಬಹುದಾದರೆ, ಅದು ನನಗೆ ಸಿಕ್ಕಿದೆ.

ಅನಿತಾ ದೊಡ್ಡವಳಾದ ಮೇಲೆ ಊರಿಗೆ ಮರಳಿದ್ದ ಅತ್ತೆ ಹೋದ ವರ್ಷ ಹಾಸಿಗೆ ಹಿಡಿದಾಗ ಪಾಳಾಕ್ಕೆ ಹೋಗಿದ್ದೆ. ಇಷ್ಟು ದಿನ ಬಾಯಿಗೆ ಬಂದೂ ಕೇಳದೆ ಉಳಿದಿದ್ದನ್ನು ಆವತ್ತು ಕೇಳಿದೆ: "ಅತ್ತಿ, ಅವತ್ತು ನೀವು ಕೇಳಿದ್ದು ಖರೇನ ಯಾರ ದನಿ?"

ಅವರಿಗೆ ನಗು ಬಂತು. "ನಿಂದ. ಮಗಳನ್ನ ಕೊಟ್ಟ ಅಳಿಯನ ದನಿ ನನಗ ಗುರ್ತ ಸಿಗೂದಿಲ್ಲೇನು?"

ನಾನು ಆ ಸಂಜೆ ಕಟ್ಟೆಯ ಮೇಲೆ ತುಟಿ ಬಿಗಿದುಕೊಂಡು ಕೂತಿದ್ದೆ. ಇನ್ನೊಮ್ಮೆ ಅದನ್ನು ಹೇಳಬೇಕೆಂದುಕೊಂಡೆ. ಅವರ ಮುಖ ನೋಡಿ ಸುಮ್ಮನಾದೆ.